ಹೆಗಲ ಮೇಲಿನ ಪ್ಲಗ್ಗು

ಸುತ್ತಿನ ಏಳೆಂಟು ಊರುಗಳಲ್ಲಿ ಮರಗೆಲಸದವರಿಗೇನೂ ಕೊರತೆಯಿರಲಿಲ್ಲ. ಆದರೆ ಮೂವತ್ತೈದು ವರ್ಷ ಮಿಷನ್ನುಗಳ ಜೊತೆ ಏಗಿಯೂ ಹತ್ತಕ್ಕೆ ಹತ್ತು ಬೆರಳು ಉಳಿಸಿಕೊಂಡವನು ಒಬ್ಬನೇ ಇದ್ದ. ಜನ ಅವನನ್ನು ಹತ್ತು ಬೆರಳಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾಗಿಲು ಮಾಡಿಸಲು ಬಂದವರು ಮೊದಲು ಅವನ ಕೈ ನೋಡುತ್ತಿದ್ದರು, ಆಮೇಲೆ ಮರ ನೋಡುತ್ತಿದ್ದರು. ಅವನೂ ಏನು ಕಮ್ಮಿಯಲ್ಲ. ಅಳತೆ ಹೇಳುವಾಗ ಎರಡೂ ಕೈಯನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಅಗಲಿಸಿ ತೋರಿಸುತ್ತಿದ್ದ.

ಅವನ ತಮ್ಮನನ್ನು ಜನ ಒಂಬತ್ತೂವರೆ ಅನ್ನುತ್ತಿದ್ದರು. ಇಪ್ಪತ್ತೈದರ ವಯಸ್ಸಿನಲ್ಲಿ ಬೇರೆ ಯಾರದೋ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ, ಗರಗಸದ ಹಲ್ಲಿಗೆ ಸಿಕ್ಕಿಕೊಂಡ ಚಕ್ಕೆ ತೆಗೆಯಲು ಪ್ಲಗ್ಗು ಕಿತ್ತು ನೆಲಕ್ಕೆ ಹಾಕಿ ಕೂತಿದ್ದ. ಸ್ವಿಚ್ಚು ಮಾತ್ರ ಹಾಕಿದಂತೆಯೇ ಇತ್ತು. ಆ ಕಡೆಯಿಂದ ಹೋಗುತ್ತಿದ್ದ ಒಬ್ಬ ಒಳ್ಳೆಯ ಮನುಷ್ಯ, ಪಾಪ, ಪ್ಲಗ್ಗು ಕಳಚಿ ಬಿದ್ದಿದೆ ಎಂದುಕೊಂಡು ಎತ್ತಿ ಗೋಡೆಗೆ ಚುಚ್ಚಿದ. ಎಡಗೈ ಕಿರುಬೆರಳಿನ ಅರ್ಧ ಅಲ್ಲೇ ಉಳಿಯಿತು. ತಮ್ಮ ಅದನ್ನೂ ತಮಾಷೆ ಮಾಡಿಕೊಂಡೇ ಬದುಕಿದ. ಯಾರಾದರೂ ಗಂಟೆ ಎಷ್ಟು ಎಂದರೆ ಎರಡೂ ಕೈ ಎತ್ತಿ ತೋರಿಸಿ, “ನನ್ನ ಹತ್ರ ಯಾವಾಗ್ಲೂ ಇಷ್ಟೇ” ಅನ್ನುತ್ತಿದ್ದ.

ಅಣ್ಣನಿಗೆ ಮಾತ್ರ ಆ ತಮಾಷೆಗೆ ಒಂದು ದಿನವೂ ನಗು ಬರಲಿಲ್ಲ. ತನ್ನದೇ ಶೆಡ್ಡು ಹಾಕಿ ತಮ್ಮನನ್ನು ಜೊತೆಗೆ ಕರೆದುಕೊಂಡ ದಿನವೇ ಅವನು ಒಂದು ಕಟ್ಟಳೆ ಮಾಡಿದ. ಯಾವುದೇ ಮಿಷನ್ನಿನ ಹಲ್ಲಿಗೆ ಕೈ ಹಾಕುವ ಮುಂಚೆ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಕಿತ್ತರೆ ಸಾಲದು, ನೆಲದ ಮೇಲೆ ಬಿಟ್ಟರೆ ಮತ್ಯಾವನೋ ಒಳ್ಳೆಯ ಮನುಷ್ಯ ಬರುತ್ತಾನೆ. ವಯರನ್ನು ಎಳೆದು ತಂದು, ಪ್ಲಗ್ಗು ಎದೆಯ ಮುಂದೆ ತೂಗುವಂತೆ ಹೆಗಲಿಗೆ ಹಾಕಿಕೊಳ್ಳಬೇಕು. ಹೆಗಲಿನ ಮೇಲಿರುವ ಪ್ಲಗ್ಗನ್ನು ಕೇಳದೆ ಯಾರು ತಾನೇ ಒಯ್ದು ಚುಚ್ಚುತ್ತಾರೆ? ಸ್ವಿಚ್ಚು ಆಫ್ ಇತ್ತು ಅನ್ನುವ ಮಾತು ಆ ಶೆಡ್ಡಿನಲ್ಲಿ ನಡೆಯುತ್ತಿರಲಿಲ್ಲ. ಕಟ್ಟಳೆ ಮುರಿದವರಿಗೆ ಒಂದು ತಿಂಗಳು ಮಿಷನ್ ಮುಟ್ಟುವ ಹಾಗಿಲ್ಲ. ಹೊರಗೆ ಮರದ ಕೆಳಗೆ ಕೂತು, ಉಪ್ಪುಕಾಗದ ಹಿಡಿದು ಹಲಗೆ ಉಜ್ಜಬೇಕು, ಅಷ್ಟೇ.

ತಮ್ಮ ಎರಡು ಸಲ ಆ ತಿಂಗಳು ಕಳೆದಿದ್ದ. ಮೇಸ್ತ್ರಿಯ ಮಗಳು ಒಂದು ಸಲ. ಅವಳು ಐದು ವರ್ಷ ಪೇಟೆಯ ಒಂದು ಕಾರ್ಖಾನೆಯಲ್ಲಿ ಮೋಟರು ಬಿಚ್ಚಿ ಕಟ್ಟುವ ಕೆಲಸ ಕಲಿತು, ತಾನಾಗಿಯೇ ಬಂದು ಅಪ್ಪನ ಶೆಡ್ಡಿಗೆ ಸೇರಿಕೊಂಡವಳು. ಕಲಿತ ಕೈ. ಆ ಧೈರ್ಯದಲ್ಲೇ ಹೋದ ವರ್ಷ ಒಂದು ದಿನ, ಸ್ವಿಚ್ಚು ಆಫ್ ಮಾಡಿ, ಪ್ಲಗ್ಗು ಗೋಡೆಯಲ್ಲಿರುವಾಗಲೇ ಹಲಗೆ ಹೆರೆಯುವ ಪ್ಲೇನರಿನ ಅಲಗು ತಿರುಗಿಸಲು ಕೂತಿದ್ದಳು. ಮೇಸ್ತ್ರಿ ನೋಡಿದ. ಊರಿನ ಸೂಲಗಿತ್ತಿಯಮ್ಮನ ಮನೆಯ ಮೆಟ್ಟಿಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಆದರೂ ಬಿಡಲಿಲ್ಲ. “ತಪ್ಪು ಮಾಡಿದ್ದು ಮಗಳಾದ್ರೂ ಅಷ್ಟೇ, ನಾನಾದ್ರೂ ಅಷ್ಟೇ” ಎಂದು ಉಪ್ಪುಕಾಗದದ ಕಟ್ಟು ಕೈಗೆ ಕೊಟ್ಟ. ‘ನಾನಾದರೂ’ ಎನ್ನುವುದನ್ನು ಅವನು ಮಾತಿಗೆ ಹೇಳಿದ್ದು. ಆ ದಿನ ಬರುತ್ತದೆ ಎಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ.

ಆ ತಿಂಗಳು ಮುಗಿಸಿ ಒಳಗೆ ಬಂದ ಮಗಳು ಶೆಡ್ಡಿನ ಅವತಾರವನ್ನೇ ಬದಲಿಸಲು ಹೊರಟಳು. ಹಳೆಯ ವಯರುಗಳೆಲ್ಲ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಅಲ್ಲಲ್ಲಿ ಟೇಪು ಸುತ್ತಿಸಿಕೊಂಡು ಮಲಗಿದ್ದವು. ಒಂದು ಬಿಳಿ, ಒಂದು ಕೆಂಪು, ಒಂದಕ್ಕೆ ಇಸ್ತ್ರಿ ಪೆಟ್ಟಿಗೆಯ ಬಟ್ಟೆ ಸುತ್ತಿದ ವಯರು. ಅವನ್ನೆಲ್ಲ ಕಿತ್ತು ಎಸೆದು, ದಪ್ಪ ರಬ್ಬರಿನ ಕಪ್ಪು ವಯರು ಹಾಕಿದಳು. ಒಂದೇ ಒಂದು ಪ್ಲಗ್ ಪಾಯಿಂಟ್ ಇದ್ದ ಗೋಡೆಗೆ ನಾಲ್ಕು ಪಾಯಿಂಟಿನ ಬೋರ್ಡು ಬಂತು. ಎಲ್ಲಾದರೂ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಬಂತು. ವಾರಕ್ಕೊಮ್ಮೆ ಮಧ್ಯಾಹ್ನ ಎಲ್ಲ ಮಿಷನ್ನುಗಳನ್ನೂ ಸಾಲಾಗಿ ಮಲಗಿಸಿ, ಹೊಟ್ಟೆಯೊಳಗಿನ ಮರದ ಪುಡಿ ಊದಿ, ಮೋಟರಿನ ಕಾರ್ಬನ್ ತುಂಡು ಸವೆದಿದೆಯೇ ಎಂದು ತೆಗೆದು ನೋಡಿ, ಬ್ಲೇಡಿಗೆ ಮೆತ್ತಿದ ಮರದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದಳು.

“ಮದುವೆ ಹುಡುಗಿಯರಿಗೂ ಇಷ್ಟು ಉಪಚಾರ ಇಲ್ಲ ಕಣೇ” ಎಂದು ಚಿಕ್ಕಪ್ಪ ರೇಗಿಸುತ್ತಿದ್ದ.

“ನಿನ್ನ ಬೆರಳಿಗೂ ಒಂದು ಕಾಲದಲ್ಲಿ ಇಷ್ಟು ಉಪಚಾರ ಸಿಕ್ಕಿದ್ರೆ ನಿನ್ನ ಹೆಸರು ಬೇರೆ ಇರ್ತಿತ್ತು ಚಿಕ್ಕಪ್ಪ” ಎಂದು ಅವಳೂ ತಿರುಗಿಸಿ ಕೊಡುತ್ತಿದ್ದಳು.

ಮೇಸ್ತ್ರಿ ಬಾಯಿಬಿಟ್ಟು ಹೊಗಳಲಿಲ್ಲ. ಆದರೆ ಬಂದವರನ್ನೆಲ್ಲ ಏನಾದರೊಂದು ನೆವ ಮಾಡಿ ಬೋರ್ಡಿನ ಹತ್ತಿರ ಕರೆದೊಯ್ದು ನಿಲ್ಲಿಸುತ್ತಿದ್ದ.

ಹೀಗಿರುವಾಗ ಜೇನು ಸಾಕುವವನು ಬಂದು ನಲವತ್ತು ಜೇನುಪೆಟ್ಟಿಗೆ ಬೇಕೆಂದ. ತೋಟಗಳಲ್ಲಿ ಹೂವು ಬಿಡುವುದಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಅಷ್ಟರೊಳಗೆ ಹುಳಗಳು ಹೊಸ ಮನೆ ಹೊಕ್ಕಿರಬೇಕು. “ಹೊರಗಡೆ ನುಣ್ಣಗೆ ಉಜ್ಜಿ, ಮಳೆನೀರು ಜಾರಿ ಹೋಗ್ಲಿ. ಒಳಗಡೆ ಮಾತ್ರ ಕೈ ಹಾಕಬೇಡಿ. ನುಣ್ಣಗಾದ್ರೆ ಅವಕ್ಕೆ ಕಾಲು ನಿಲ್ಲಲ್ಲ” ಎಂದು ಎರಡೆರಡು ಸಲ ಹೇಳಿದ. ನಲವತ್ತು ಪೆಟ್ಟಿಗೆ ಎಂದರೆ ನೂರಾ ಅರವತ್ತು ಬದಿ ಹಲಗೆ, ಎಲ್ಲವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಅಳತೆ. ಇಂಥ ಕೆಲಸ ಮೇಸ್ತ್ರಿಗೆ ಹಬ್ಬದೂಟವಿದ್ದಂತೆ. ಕೊಯ್ಯುವುದು ತಾನೇ ಎಂದು ಮೊದಲೇ ಹೇಳಿಬಿಟ್ಟ. ಪ್ಲೇನರು ತಮ್ಮನಿಗೆ, ಡ್ರಿಲ್ಲು ಮಗಳಿಗೆ.

ಕೆಲಸ ಶುರುವಾದ ನಾಲ್ಕನೆಯ ದಿನ. ಬೆಳಗಿನ ಹನ್ನೊಂದರ ಸುಮಾರು. ಮಗಳು ಪೆಟ್ಟಿಗೆಯೊಳಗೆ ಕೂರುವ ಚೌಕಟ್ಟಿನ ಅಳತೆ ನೋಡಿ ಬರಲು ಜೇನಿನವನ ಮನೆಗೆ ಹೋಗಿದ್ದಳು. ತಮ್ಮ ಚಹಾ ಕುಡಿಯಲು ರಸ್ತೆಯ ತಿರುವಿನ ಅಂಗಡಿಗೆ ಹೋಗಿದ್ದ. ಅವನು ಚಹಾ ಕುಡಿಯುವುದು ಎಂದರೆ ಊರಿನ ಅರ್ಧ ಸುದ್ದಿಯನ್ನೂ ಕುಡಿದು ಬರುವುದು. ಶೆಡ್ಡಿನಲ್ಲಿ ಮೇಸ್ತ್ರಿಯೊಬ್ಬನೇ.

ಕೊಯ್ಯುತ್ತಿದ್ದ ಹಾಗೆ ಮರ ಸುಟ್ಟ ವಾಸನೆ ಬಂತು. ಹಲಗೆಯ ಅಂಚು ಕಂದು ತಿರುಗಿತ್ತು. ಬ್ಲೇಡು ಮೊಂಡಾಗಿದೆ, ಇನ್ನು ಒತ್ತಿ ನೂಕಿದರೆ ಮಿಷನ್ನು ಒದೆಯುತ್ತದೆ ಎಂದು ಅವನ ಕೈಗೆ ಗೊತ್ತು. ಕೈಯಲ್ಲಿ ಹಿಡಿದು ಕೊಯ್ಯುವ ಗರಗಸದ ಮಿಷನ್ನನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿದ. ಬೋರ್ಡಿನ ಹತ್ತಿರ ಹೋಗಿ ಪ್ಲಗ್ಗು ಕಿತ್ತ. ಹೆಗಲಿಗೆ ಹಾಕಿಕೊಂಡ. ಬಂದು ಕೂತು, ಪಾನಾ ಹಾಕಿ ನಟ್ಟು ಸಡಿಲಿಸಿ, ಹಳೆಯ ಬ್ಲೇಡು ತೆಗೆದು, ಹೊಸದರ ಹಲ್ಲು ತಿರುಗುವ ದಿಕ್ಕಿಗಿದೆಯೇ ಎಂದು ಎರಡು ಸಲ ನೋಡಿ ಕೂರಿಸಿದ. ನಟ್ಟು ಬಿಗಿಮಾಡಿದ. ಪಾನಾ ಮೊಳೆಗೆ ತೂಗುಹಾಕಿದ. ಗಾರ್ಡಿನ ಸ್ಪ್ರಿಂಗು ಸರಿಯಾಗಿದೆಯೇ ಎಂದು ಎಳೆದು ಬಿಟ್ಟು ನೋಡಿದ. ಟಪ್ಪೆಂದು ಬಂದು ಹಲ್ಲನ್ನು ಮುಚ್ಚಿಕೊಂಡಿತು. ಎಲ್ಲ ಕ್ರಮದ ಪ್ರಕಾರ. ಸಮಾಧಾನದಿಂದ ಮಿಷನ್ನಿನ ಹಿಡಿಗೆ ಕೈ ಹಾಕಿ ಎತ್ತಿದ. ಎತ್ತುವಾಗ ಬೆರಳು ಸ್ವಿಚ್ಚಿನ ಮೇಲೆ ಹೋಯಿತು.

ಮಿಷನ್ನು ಗುರ್ ಎಂದು ತಿರುಗಿತು.

ಮೇಸ್ತ್ರಿ ಬೆರಳು ಬಿಟ್ಟ. ಬ್ಲೇಡು ಪೂರ್ತಿ ನಿಲ್ಲುವ ತನಕ ಮಿಷನ್ನನ್ನು ಮೈಯಿಂದ ದೂರ ಹಿಡಿದು ನಿಂತ. ಅದು ಯೋಚಿಸಿ ಮಾಡಿದ್ದಲ್ಲ, ಮೂವತ್ತೈದು ವರ್ಷದ ಅಭ್ಯಾಸ. ನಿಂತ ಮೇಲೆ ನಿಧಾನವಾಗಿ ಕೆಳಗಿಟ್ಟ. ತಲೆ ಬಗ್ಗಿಸಿ ನೋಡಿದರೆ ಪ್ಲಗ್ಗು ಅವನ ಎದೆಯ ಮೇಲೇ ತೂಗುತ್ತಿತ್ತು. ಮೂರು ಹಿತ್ತಾಳೆಯ ಕಾಲು ಚಾಚಿಕೊಂಡು, ನಾನೇನು ಮಾಡಿದೆ ಎನ್ನುವ ಹಾಗೆ.

ಅವನು ಆ ವಯರನ್ನು ಕೈಯಲ್ಲಿ ಸವರಿಕೊಂಡು ಹೋದ. ಅದು ಹಲಗೆ ರಾಶಿಯ ಹಿಂದೆ ಸುತ್ತಿ, ತಮ್ಮ ಬಿಟ್ಟುಹೋಗಿದ್ದ ಪ್ಲೇನರಿನ ಬುಡಕ್ಕೆ ಹೋಗಿ ಮುಟ್ಟಿತು. ಗರಗಸದ ಪ್ಲಗ್ಗು ಬೋರ್ಡಿನಲ್ಲಿ ತಣ್ಣಗೆ ಕೂತಿತ್ತು. ಎರಡೂ ಕಪ್ಪು. ಎರಡೂ ದಪ್ಪ. ಒಂದೇ ಪಾಯಿಂಟಿದ್ದ ಕಾಲದಲ್ಲಿ ಗೋಡೆಯಿಂದ ಕಿತ್ತದ್ದು ಯಾವುದೋ ಅದೇ ಕೈಯಲ್ಲಿರುವ ಮಿಷನ್ನಿನದು. ಬೇರೆಯದಾಗಲು ಸಾಧ್ಯವೇ ಇರಲಿಲ್ಲ. ಇಷ್ಟು ವರ್ಷ ಅವನು ನೋಡಿದ್ದು ಪ್ಲಗ್ಗನ್ನಲ್ಲ, ಹೆಗಲ ಮೇಲಿನ ಭಾರವನ್ನು. ಭಾರ ಇದ್ದರೆ ಧೈರ್ಯ. ಇವತ್ತೂ ಭಾರ ಇತ್ತು.

ಹಲಗೆ ರಾಶಿಯ ಮೇಲೆ ಕೂತು ಬೆರಳುಗಳನ್ನು ಮುಂದೆ ಹಿಡಿದು ಎಣಿಸಿದ. ಎಣಿಸುವ ಅಗತ್ಯವೇನೂ ಇರಲಿಲ್ಲ. ಆದರೂ ಎರಡು ಸಲ ಎಣಿಸಿದ.

ಆಮೇಲೆ ಎದ್ದು, ಯಾರೂ ಬರುವ ಮುಂಚೆ, ಪ್ಲೇನರಿನ ಪ್ಲಗ್ಗನ್ನು ಮೊದಲಿದ್ದ ಕಡೆಗೇ ಚುಚ್ಚಿದ.

ಮಗಳು ಬಂದವಳು ಬಾಗಿಲಲ್ಲೇ ನಿಂತು, “ಯಾಕಪ್ಪ, ಹೀಗೆ ಬೆವರಿದ್ದೀಯ?” ಎಂದಳು.

“ಬ್ಲೇಡು ಬದಲಾಯಿಸಿದೆ.”

“ಬ್ಲೇಡು ಬದಲಾಯಿಸೋಕೆ ಇಷ್ಟು ಬೆವರಾ? ನೀನೇನು ಲಾರಿ ಚಕ್ರ ಬದಲಾಯಿಸಿದ್ಯಾ?”

ಅವನು ನಕ್ಕಂತೆ ಮಾಡಿ ಅಳತೆಪಟ್ಟಿ ಹುಡುಕತೊಡಗಿದ. ಅದು ಅವನ ಜೇಬಿನಲ್ಲೇ ಇತ್ತು.

ಒಂದು ತಿಂಗಳು ಉಪ್ಪುಕಾಗದ ಹಿಡಿಯುವುದು ಅವನಿಗೆ ದೊಡ್ಡ ಸಂಗತಿಯಾಗಿರಲಿಲ್ಲ. ಆಮೇಲೇನು ಎಂಬುದು ಅವನನ್ನು ಕೊರೆಯುತ್ತಿತ್ತು. ಅವನಿಗೆ ಅರವತ್ತಮೂರು ವರ್ಷ. ತಮ್ಮ ತಪ್ಪು ಮಾಡಿದರೆ ‘ಅಜಾಗರೂಕತೆ’ ಅನ್ನುತ್ತಾರೆ, ಮಗಳು ಮಾಡಿದರೆ ‘ಅವಸರ’ ಅನ್ನುತ್ತಾರೆ. ತಾನು ಮಾಡಿದರೆ ‘ವಯಸ್ಸು’ ಅನ್ನುತ್ತಾರೆ. ಅಜಾಗರೂಕತೆಗೆ, ಅವಸರಕ್ಕೆ ಒಂದು ತಿಂಗಳಲ್ಲಿ ಗುಣವಿದೆ, ವಯಸ್ಸಿಗೆ ಎಲ್ಲಿದೆ? ತಿಂಗಳು ಮುಗಿದ ಮೇಲೂ ‘ಅಪ್ಪ, ನೀನು ಸುಮ್ನೆ ಕೂತ್ಕೋ, ನಾವು ನೋಡ್ಕೋತೀವಿ’ ಎಂದು ಶುರುವಾದರೆ? ಗರಗಸದ ಹಿಡಿ ತನ್ನ ಕೈಗೆ ಮತ್ತೆ ಬಾರದೇ ಹೋದರೆ? ಮನೆಯಲ್ಲಿ ಕೂತು ಕುರ್ಚಿಗೆ ಭಾರವಾಗುವುದನ್ನು ನೆನೆಸಿಕೊಂಡೇ ಅವನಿಗೆ ಬೆನ್ನು ನೋಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಒಂದು ಉಪಾಯ ಮಾಡಿದ. ಹೆಂಡತಿ ಬಡಿಸುತ್ತಿದ್ದಳು. ತಮ್ಮ, ಮಗಳು ಎದುರಿಗೆ. ತಟ್ಟೆ ನೋಡುತ್ತಲೇ, ಏನೋ ಆಗ ತಾನೇ ಹೊಳೆದವನ ಹಾಗೆ, “ಆ ವಯರುಗಳಿಗೆಲ್ಲ ಒಂದೊಂದು ಬಣ್ಣ ಬಳಿದ್ರೆ ಹೇಗೆ?” ಎಂದ.

“ಯಾಕಪ್ಪ?”

“ಎಲ್ಲಾ ಒಂದೇ ಥರ ಇವೆ. ಯಾವುದು ಯಾವುದರದ್ದು ಅಂತ ಗೊತ್ತಾಗಲ್ಲ.”

“ಗೊತ್ತಾಗದೆ ಏನು? ಮಿಷನ್ನಿಂದ ಹಿಡ್ಕೊಂಡು ಪ್ಲಗ್ಗಿನ ತನಕ ಸವರಿಕೊಂಡು ಹೋದ್ರೆ ಆಯ್ತು. ನೀನೇ ಹೇಳ್ಕೊಟ್ಟಿದ್ದು.” ಅವಳು ಅನ್ನ ಕಲಸುತ್ತ, “ರಬ್ಬರಿಗೆ ಬಣ್ಣ ಬಳಿದ್ರೆ ಸಿಪ್ಪೆ ಏಳ್ತದೆ. ಸುಮ್ನೆ ದಂಡದ ಕೆಲಸ” ಎಂದು ಮುಗಿಸಿಬಿಟ್ಟಳು.

“ಅಣ್ಣನಿಗೆ ಕಣ್ಣು ಮಂಜಾಯ್ತೇನೋ” ಎಂದ ತಮ್ಮ, ಬಾಯಿ ತುಂಬ ತುತ್ತಿಟ್ಟುಕೊಂಡು. “ಅತ್ತಿಗೆ, ಇನ್ನು ಮೇಲೆ ಅವನ ತಟ್ಟೆಗೂ ಬಣ್ಣ ಬಳಿದಿಡಿ. ನನ್ನ ತಟ್ಟೆಗೆ ಕೈ ಹಾಕಿಯಾನು.”

“ನಿನ್ನ ತಟ್ಟೇಲಿ ಏನು ಉಳಿದಿರ್ತದೆ ಅಂತ ಕೈ ಹಾಕ್ಲಿ?” ಎಂದಳು ಅತ್ತಿಗೆ.

ಎಲ್ಲರೂ ನಕ್ಕರು. ಕಣ್ಣಿನ ಮಾತು ಬಂದ ಕೂಡಲೇ ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ಆದರೆ ಹೆಂಡತಿ ಮಾತ್ರ ನಗು ಮುಗಿದ ಮೇಲೂ ಅವನನ್ನೊಮ್ಮೆ ನೋಡಿದಳು. ಮಜ್ಜಿಗೆ ಬಡಿಸಲು ಬಂದಾಗ, “ಏನಾಯ್ತು?” ಎಂದಳು ಮೆಲ್ಲಗೆ.

“ಏನಿಲ್ಲ.”

“ಏನಿಲ್ದಿದ್ರೆ ಉಪ್ಪು ಹಾಕ್ಕೊಳ್ಳಿ. ಅರ್ಧ ಊಟ ಆಯ್ತು, ಇನ್ನೂ ಸಪ್ಪೆ ತಿಂತಾ ಇದ್ದೀರಿ.”

ಮರುದಿನ ಬೆಳಿಗ್ಗೆ ಮೂವರೂ ಶೆಡ್ಡಿನಲ್ಲಿದ್ದರು. ಮಗಳು ಒಂದು ಮೂಲೆಯಲ್ಲಿ ಹಲಗೆಗಳಿಗೆ ತೂತು ಕೊರೆಯುತ್ತಿದ್ದಳು. ಮೇಸ್ತ್ರಿ ಗರಗಸದ ಮಿಷನ್ನನ್ನು ಆಫ್ ಮಾಡಿ ಇಟ್ಟು, ಪೆನ್ಸಿಲು ಕಿವಿಗೆ ಸಿಕ್ಕಿಸಿ ಮುಂದಿನ ಹಲಗೆಗೆ ಗೆರೆ ಹಾಕಲು ಬಗ್ಗಿದ್ದ. ಪ್ಲೇನರು ಹಲಗೆಯ ಮೇಲೆ ಗೀರು ಬಿಡುತ್ತಿದೆ ಎಂದು ತಮ್ಮ ಗೊಣಗಿದ. ಅಲಗಿನ ಬಾಯಿ ಚೂರು ಹಾರಿರಬೇಕು, ತಿರುಗಿಸಿ ಹಾಕಬೇಕು. ಅವನು ಏನೋ ಗುನುಗಿಕೊಳ್ಳುತ್ತ ಬೋರ್ಡಿನ ಹತ್ತಿರ ಹೋದ. ಒಂದು ಪ್ಲಗ್ಗು ಕಿತ್ತ. ಹೆಗಲಿಗೆ ಎಸೆದುಕೊಂಡ. ಬಂದು ಪ್ಲೇನರನ್ನು ಬೋರಲು ಹಾಕಿ, ಅಲಗಿನ ಸ್ಕ್ರೂವಿಗೆ ಕೈ ಹಾಕಿದ.

ಮೇಸ್ತ್ರಿ ತಲೆ ಎತ್ತಿದ್ದು ಆಗ. ಹೆಗಲ ಮೇಲಿನ ಕಪ್ಪು ವಯರು ಎಲ್ಲಿಂದ ಬಂದಿದೆ ಎಂದು ಅವನು ನಿಂತ ಕಡೆಯಿಂದ ಕಾಣುತ್ತಿರಲಿಲ್ಲ.

“ನಿಲ್ಲೋ! ಕೈ ತೆಗಿ!”

ಆ ಕೂಗಿಗೆ ತಮ್ಮನ ಕೈಯಿಂದ ಸ್ಕ್ರೂಡ್ರೈವರು ಹಾರಿ ಬಿತ್ತು. ಮಗಳ ಡ್ರಿಲ್ಲು ನಿಂತಿತು. ಮೇಸ್ತ್ರಿ ಪೆನ್ಸಿಲನ್ನೂ ಬೀಳಿಸಿ ಓಡಿಬಂದು, ತಮ್ಮನ ಹೆಗಲಿನ ವಯರು ಹಿಡಿದು ಸವರುತ್ತ ಬಗ್ಗಿ ಬಗ್ಗಿ ಹೋದ. ಅದು ಪ್ಲೇನರಿನದೇ ಆಗಿತ್ತು.

ತಮ್ಮನಿಗೆ ಒಂದೂ ಅರ್ಥವಾಗಲಿಲ್ಲ. “ಏನಾಯ್ತಣ್ಣ ನಿಂಗೆ? ಜೀವ ಬಾಯಿಗೆ ಬಂತಲ್ಲ! ಪ್ಲಗ್ಗು ಹೆಗಲ ಮೇಲೇ ಇದೆ, ಕುರುಡನಿಗೂ ಕಾಣ್ತದೆ.”

“ಅದು ಯಾವುದರ ಪ್ಲಗ್ಗು?”

“ಪ್ಲೇನರಿಂದು. ನೀನೇ ನೋಡಿದ್ಯಲ್ಲ ಈಗ.”

“ನಾನು ನೋಡಿದೆ. ನೀನು ನೋಡಿದ್ಯಾ? ಸ್ಕ್ರೂಗೆ ಕೈ ಹಾಕೋ ಮುಂಚೆ ನಿಂಗೆ ಹೇಗೆ ಗೊತ್ತಿತ್ತು?”

ಯಾವತ್ತೂ ಮಾತಿಗೆ ತಡವರಿಸದ ತಮ್ಮ ಹೆಗಲ ಮೇಲಿನ ಪ್ಲಗ್ಗನ್ನೇ ಕೈಯಲ್ಲಿ ಹಿಡಿದು ನೋಡಿದ. “ಹೆಗಲ ಮೇಲಿತ್ತಲ್ಲ…”

“ನಿನ್ನೆ ನಂಗೂ ಹಾಗೇ ಅನಿಸಿದ್ದು” ಎಂದ ಮೇಸ್ತ್ರಿ.

ಹೇಳಿಬಿಟ್ಟ ಮೇಲೆ ಮುಂದಿನದು ತಾನಾಗಿಯೇ ಬಂತು. ಹಲಗೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಬ್ಲೇಡು ಬದಲಿಸಿದ್ದು, ಹಲ್ಲಿನ ದಿಕ್ಕನ್ನು ಬೆರಳಿಟ್ಟು ನೋಡಿದ್ದು, ಮಿಷನ್ನು ತಿರುಗಿದ್ದು, ಪ್ಲಗ್ಗು ಎದೆಯ ಮೇಲೆ ತೂಗುತ್ತಿದ್ದದ್ದು, ಯಾರೂ ಬರುವ ಮುಂಚೆ ಅದನ್ನು ಸ್ವಸ್ಥಾನಕ್ಕೆ ಚುಚ್ಚಿದ್ದು. ಊಟಕ್ಕೆ ಕೂತಾಗ ಬಣ್ಣದ ಮಾತೆತ್ತಿ ನುಣುಚಿಕೊಳ್ಳಲು ನೋಡಿದ್ದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ದನಿ ಎಂದಿನದಾಯಿತು. ಬೇರೆ ಯಾರದೋ ಶೆಡ್ಡಿನಲ್ಲಿ ನಡೆದದ್ದನ್ನು ವಿವರಿಸುವ ಹಾಗೆ ಎಲ್ಲೆಲ್ಲಿ ಏನು ತಪ್ಪಾಯಿತೆಂದು ಕೈ ಮಾಡಿ ತೋರಿಸಿದ.

ಮಗಳು ಡ್ರಿಲ್ಲು ಕೆಳಗಿಟ್ಟಳು. “ಆ ವಯರು ಹಾಕಿದ್ದು ನಾನು” ಎಂದಳು. “ನಾಲ್ಕು ಪಾಯಿಂಟು ಮಾಡಿದ್ದೂ ನಾನು. ಎಲ್ಲಾ ಒಂದೇ ಅಂಗಡೀಲಿ, ಒಂದೇ ಸುರುಳಿಯಿಂದ ಕತ್ತರಿಸಿ ತಂದೆ. ಚಂದ ಕಾಣ್ತದೆ ಅಂತ.”

“ವಯರು ಹಾಕಿದ್ದು ನೀನು. ಹೆಗಲಿಗೆ ಹಾಕ್ಕೊಂಡವನು ನಾನು. ನೋಡದೇ ಇದ್ದವನೂ ನಾನೇ.”

ತಮ್ಮ ಬಿದ್ದ ಸ್ಕ್ರೂಡ್ರೈವರು ಎತ್ತಿಕೊಂಡ. “ಅಂತೂ ಅಣ್ಣ, ನಂದು ಎರಡು, ಇವಳದ್ದು ಒಂದು. ನಿನ್ನದೂ ಖಾತೆ ತೆರೀತು. ನಾನು ಸಾಯೋದ್ರೊಳಗೆ ಇದನ್ನ ನೋಡ್ತೀನಿ ಅಂತ ಅಂದ್ಕೊಂಡೇ ಇರ್ಲಿಲ್ಲ.”

“ಚಿಕ್ಕಪ್ಪ, ಸುಮ್ನಿರು” ಎಂದಳು ಮಗಳು. ಆಮೇಲೆ ಅಪ್ಪನ ಕಡೆ ತಿರುಗಿ, “ಅಪ್ಪ, ಈ ಸಲ ಬೇಡ. ಪೆಟ್ಟಿಗೆ ಕೆಲಸ ಮುಗೀಲಿ, ಆಮೇಲೆ ನೋಡೋಣ. ಹೂವು ಬಿಡೋದ್ರೊಳಗೆ ಕೊಡಬೇಕು” ಎಂದಳು.

“ಸೂಲಗಿತ್ತಿಯಮ್ಮನ ಮೆಟ್ಟಿಲು ಅರ್ಧಕ್ಕೆ ನಿಂತಿದ್ದಾಗ ನಿನ್ನನ್ನ ಬಿಟ್ಟಿದ್ನಾ?”

“ಇಲ್ಲ.”

“ಮತ್ತೆ?”

ಅವಳು ತಲೆ ತಗ್ಗಿಸಿ ನಕ್ಕಳು. “ನಾಲ್ಕು ದಿನ ನಾನು ನಿನ್ನ ಹತ್ರ ಮಾತಾಡಿರ್ಲಿಲ್ಲ.”

“ಗೊತ್ತು. ಐದನೇ ದಿನ ಮಾತಾಡಿದೆ. ಕೋಪ ಇಳೀತು ಅಂತ ಖುಷಿಪಟ್ಟಿದ್ದೆ.”

“ಕೋಪ ಎಲ್ಲಿ ಇಳೀತು? ಉಪ್ಪುಕಾಗದ ಮುಗಿದುಹೋಗಿತ್ತು, ಕೇಳೋಕೆ ಬೇರೆ ದಾರಿ ಇರ್ಲಿಲ್ಲ.”

ತಮ್ಮ ಹೊಟ್ಟೆ ಹಿಡಿದು ನಗತೊಡಗಿದ. ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಕಪಾಟಿನಿಂದ ತಾನೇ ಉಪ್ಪುಕಾಗದದ ಕಟ್ಟು ತೆಗೆದುಕೊಂಡ.

ಆದರೆ ಹೊರಗೆ ಹೋಗುವ ಮುಂಚೆ ಕಟ್ಟಳೆಯನ್ನು ಸರಿಮಾಡಬೇಕಿತ್ತು. ಮೂವರೂ ಬೋರ್ಡಿನ ಮುಂದೆ ನಿಂತರು. ಬಣ್ಣ ನಿಲ್ಲುವುದಿಲ್ಲ ಎಂದಿದ್ದ ಮಗಳೇ ಒಂದೊಂದು ವಯರಿಗೂ ಒಂದೊಂದು ಬಣ್ಣದ ಟೇಪು ಸುತ್ತುವುದೆಂದಳು. ಮಿಷನ್ನಿನ ಬುಡದಲ್ಲೊಂದು, ಪ್ಲಗ್ಗಿನ ಕುತ್ತಿಗೆಯಲ್ಲೊಂದು. ಮೇಸ್ತ್ರಿ ಅಷ್ಟಕ್ಕೇ ಒಪ್ಪಲಿಲ್ಲ. ಟೇಪು ಕಿತ್ತುಹೋಗಬಹುದು, ಪುಡಿ ಕೂತು ಎಲ್ಲವೂ ಒಂದೇ ಬಣ್ಣವಾಗಬಹುದು.

ತಮ್ಮ ಗಲ್ಲ ಕೆರೆದುಕೊಂಡ. “ಇಷ್ಟು ಯೋಚನೆ ಯಾಕೆ? ನಾವು ಇಷ್ಟು ವರ್ಷ ಹೆಗಲನ್ನ ಕೇಳ್ತಾ ಇದ್ವಿ, ಕರೆಂಟು ಹೋಯ್ತಾ ಅಂತ. ಮಿಷನ್ನನ್ನೇ ಕೇಳಿದ್ರೆ ಆಯ್ತಪ್ಪ. ಪ್ಲಗ್ಗು ಹೆಗಲಿಗೆ ಹಾಕ್ಕೊಂಡ ಮೇಲೆ, ಹಲ್ಲು ಆ ಕಡೆ ಇಟ್ಟು, ಒಂದು ಸಲ ಸ್ವಿಚ್ಚು ಒತ್ತಿ ನೋಡೋದು. ತಿರುಗಿದ್ರೆ ತಿರುಗ್ತು. ಸುಮ್ನಿದ್ರೆ ಆಮೇಲೆ ಕೈ ಹಾಕೋದು.”

ಅಪ್ಪ ಮಗಳು ಇಬ್ಬರೂ ಅವನನ್ನೇ ನೋಡಿದರು.

“ಏನು ಹಾಗೆ ನೋಡ್ತೀರಿ? ಬೆರಳು ಕಮ್ಮಿ ಇರೋದು, ಬುದ್ಧಿ ಅಲ್ಲ.”

ಅವತ್ತಿನಿಂದ ಅದೂ ಕಟ್ಟಳೆಯಾಯಿತು.

ಮೇಸ್ತ್ರಿ ಮಣೆ ತೆಗೆದುಕೊಂಡು ಹೋಗಿ ಮರದ ಕೆಳಗೆ ಕೂತ. ಮೊದಲ ವಾರ ಅವನ ಮೈ ಮಾತ್ರ ಹೊರಗೆ, ಕಿವಿ ಶೆಡ್ಡಿನೊಳಗೇ ಇತ್ತು. ಈಗ ಗರಗಸ ಹಿಡಿದ ಮಗಳು ಮಿಷನ್ನು ನೂಕುವ ವೇಗ ಹೆಚ್ಚಾಯಿತು, ಕಮ್ಮಿಯಾಯಿತು ಎಂದು ಅಲ್ಲಿಂದಲೇ ಕತ್ತು ಉದ್ದ ಮಾಡುತ್ತಿದ್ದ. ಒಂದು ದಿನ ಸಂಜೆ ಅವಳು ಕೊಯ್ದ ಹತ್ತು ಬದಿಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ಉಗುರಿನಿಂದ ಅಂಚು ಸವರಿ ನೋಡಿದ. ಉಗುರು ಎಲ್ಲೂ ತಡೆಯಲಿಲ್ಲ. ಇನ್ನೊಂದು ಹತ್ತನ್ನು ನಿಲ್ಲಿಸಿ ನೋಡಿದ. ಅದೂ ಹಾಗೇ. ಸ್ವಲ್ಪ ಬೇಸರವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಎರಡನ್ನೂ ಯಾರಿಗೂ ಹೇಳಲಿಲ್ಲ. ಎರಡನೆಯ ವಾರ ಕತ್ತು ತಾನಾಗಿಯೇ ಗಿಡ್ಡವಾಯಿತು.

ಜೇನಿನವನು ಮೊದಲ ಇಪ್ಪತ್ತು ಪೆಟ್ಟಿಗೆ ಒಯ್ಯಲು ಗಾಡಿ ತಂದವನು, ಮರದ ಕೆಳಗೆ ಮೇಸ್ತ್ರಿಯನ್ನು ಕಂಡು ದಂಗಾದ. “ಇದೇನು ಮೇಸ್ತ್ರಿಗಳೇ, ನೀವು ಹೊರಗೆ?”

“ಶಿಕ್ಷೆ.”

“ನಿಮಗೆ ಶಿಕ್ಷೆಯಾ! ಕೊಟ್ಟವರು ಯಾರು?”

“ನಾನೇ.”

ಜೇನಿನವನು ಅವನ ಮುಖ ನೋಡಿ, ತಮಾಷೆಯಲ್ಲ ಎಂದು ತಿಳಿದು, ಒಂದು ಪೆಟ್ಟಿಗೆಯ ಮೇಲೆ ಕೈಯಾಡಿಸಿದ. “ಶಿಕ್ಷೆ ಜೋರಾಗೇ ಇದೆ. ಕನ್ನಡಿ ಥರ ಆಗಿದೆ. ಒಳಗಡೆ ಉಜ್ಜಿಲ್ಲ ತಾನೇ?”

“ಇಲ್ಲಪ್ಪ. ನಿನ್ನ ಹುಳಗಳಿಗೆ ಕಾಲು ಜಾರಿದ್ರೆ ಇನ್ನೊಂದು ತಿಂಗಳು ಕೂರಬೇಕಾಗ್ತದೆ.”

ಉಳಿದ ಇಪ್ಪತ್ತು ಪೆಟ್ಟಿಗೆ ಹತ್ತು ದಿನ ತಡವಾಗುತ್ತದೆ ಎಂದಾಗಲೂ ಜೇನಿನವನು ತಕರಾರು ಮಾಡಲಿಲ್ಲ. ಹುಳಗಳೂ ಒಂದೇ ದಿನ ಎಲ್ಲ ಮನೆಗೂ ಹೋಗುವುದಿಲ್ಲ ಎಂದ.

ಮಧ್ಯಾಹ್ನದ ಹೊತ್ತು ಹೆಂಡತಿ ಮೊರದಲ್ಲಿ ಕಾಳು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂರತೊಡಗಿದಳು. ಅವಳು ಕಾಳು ಆರಿಸುತ್ತಿದ್ದಳು, ಅವನು ಹಲಗೆ ಉಜ್ಜುತ್ತಿದ್ದ. ಮೊದಮೊದಲು ಅವಳು ಏನು ಹೇಳಿದರೂ ಅವನು “ಆಂ?” ಅನ್ನುತ್ತಿದ್ದ. ಇಷ್ಟು ವರ್ಷ ಗರಗಸದ ಸದ್ದು ಕೇಳಿ ಕೇಳಿ, ಮನೆಗೆ ಬಂದ ಮೇಲೂ ಕಿವಿಯಲ್ಲಿ ಅದೇ ಗುಂಯ್‌ಗುಡುತ್ತಿತ್ತು. ಮೂರನೆಯ ವಾರದಲ್ಲಿ ಒಂದು ದಿನ ಅವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, “ಆ ಹಕ್ಕಿ ಯಾವಾಗಿಂದ ಇಲ್ಲಿದೆ?” ಎಂದ.

“ಯಾವ ಹಕ್ಕಿ?”

“ಮೇಲೆ ಕೂತು ಟುಕ್ ಟುಕ್ ಅಂತಿದೆಯಲ್ಲ.”

“ಈ ಮರ ಇದ್ದಾಗಿಂದ. ನಿಮಗೆ ಈಗ ಕೇಳಿಸ್ತಾ? ಒಳ್ಳೇದಾಯ್ತು. ನಂದೂ ಇಪ್ಪತ್ತು ಮೂವತ್ತು ವರ್ಷದ ಮಾತು ಬಾಕಿ ಇದೆ, ಕೂತ್ಕೊಳ್ಳಿ.”

ಅವಳು ನಿಜವಾಗಿಯೂ ಶುರುಮಾಡಿದಳು. ಬಚ್ಚಲಿನ ಬಾಗಿಲು ಕಿರುಗುಟ್ಟುವುದರಿಂದ ಹಿಡಿದು, ಅವಳ ತಂಗಿಗೆ ಅವನು ಮಾಡಿಕೊಡುತ್ತೇನೆಂದು ಮಾತು ಕೊಟ್ಟು ಮರೆತ ಕಪಾಟಿನ ತನಕ. ಅವನು ಹ್ಞೂಂಗುಟ್ಟುತ್ತ ಉಜ್ಜಿದ. ಮಗಳಿಗೂ ಶೆಡ್ಡಿನಲ್ಲಿ ಕಿವಿಮುಚ್ಚಳ ತರಿಸಿಕೊಡಬೇಕು, ತಾನೂ ಹಾಕಬೇಕು ಎಂದು ಆಗಲೇ ಯೋಚಿಸಿದ. ಬೆರಳು ಕಾಯ್ದ ಹಾಗೆ ಕಿವಿಯನ್ನು ತಾನು ಯಾವತ್ತೂ ಕಾಯ್ದಿರಲಿಲ್ಲ.

ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಮಗಳು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ತಲೆಯ ಮೇಲೆಲ್ಲ ಮರದ ಪುಡಿ.

“ಅಪ್ಪ, ಬಾ. ದಿನ ಮುಗೀತು. ಗರಗಸಕ್ಕೆ ಹೊಸ ಬ್ಲೇಡು ತಂದಿಟ್ಟಿದ್ದೀನಿ. ನೀನೇ ಹಾಕು, ನಿನ್ನ ಕೈಗೆ ಬಿಗಿ ಸರಿಯಾಗಿ ಬರ್ತದೆ. ನಂಗೆ ಮೂಲೆ ಕೊಯ್ಯೋದ್ರಲ್ಲಿ ಒಂದು ಕಡೆ ಲೆಕ್ಕ ಹತ್ತುತ್ತಾ ಇಲ್ಲ, ಅದನ್ನೂ ತೋರಿಸಬೇಕು.”

ಒಂದು ತಿಂಗಳಿಂದ ಅವನು ಹೆದರಿಕೊಂಡಿದ್ದದ್ದು ಈ ಬೆಳಗಿಗೇ. ಅದು ಹೀಗೆ, ಕೆಲಸದ ಮಾತಿನ ನಡುವೆ, ಬಂದದ್ದೇ ತಿಳಿಯದ ಹಾಗೆ ಬಂದುಹೋಯಿತು. ಅವನು ತೊಡೆಯ ಮೇಲಿದ್ದ ಹಲಗೆಯನ್ನು ನೋಡಿದ. ನುಣುಪು ಬಂದಿತ್ತು, ಆದರೆ ಒಂದು ಮೂಲೆಯಲ್ಲಿ ಇನ್ನೂ ಚೂರು ಒರಟಿತ್ತು.

“ಬಂದೆ. ಇದೊಂದು ಬದಿ ಮುಗಿಸಿ ಬರ್ತೀನಿ.”

“ಅಪ್ಪ, ಅದನ್ನ ಚಿಕ್ಕಪ್ಪ ಉಜ್ತಾನೆ.”

“ಅವನ ಉಜ್ಜಾಟ ನಾನು ನೋಡಿಲ್ವಾ? ನೀನು ನಡಿ, ಬಂದೆ.”

ಹೆಂಡತಿ ಮೊರ ಕೆಳಗಿಟ್ಟು ಅವನ ಕೈಯಿಂದ ಹಲಗೆ ಕಿತ್ತುಕೊಂಡಳು. “ಏಳಿ ಏಳಿ. ಇಲ್ಲೇ ರುಚಿ ಹತ್ತಿಸ್ಕೊಂಡ್ರೆ ನಾಳೆಯಿಂದ ಕಾಳು ಆರಿಸೋಕೂ ನಿಮ್ಮನ್ನೇ ಕೂರಿಸ್ತೀನಿ.”

“ಸ್ವಲ್ಪ ತಡೀ, ಆ ಮೂಲೆ ಒಂದು…”

“ನಾನು ಉಜ್ತೀನಿ ಬಿಡಿ. ಒಂದು ತಿಂಗಳು ಪಕ್ಕದಲ್ಲಿ ಕೂತು ನೋಡಿಲ್ವಾ?”

ಅವನು ಎದ್ದ. ಮಂಡಿ ಹಿಡಿದುಕೊಂಡಿತ್ತು, ಎರಡು ಸಲ ಕಾಲು ಝಾಡಿಸಿ, ಪಂಚೆಯ ಮೇಲಿನ ಪುಡಿ ಕೊಡವಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ನೋಡಿದರೆ ಅವಳು ಉಪ್ಪುಕಾಗದವನ್ನು ಮರದ ಎಳೆಗೆ ಅಡ್ಡಲಾಗಿ ಎಳೆಯುತ್ತಿದ್ದಳು.

“ಎಳೆ ನೋಡ್ಕೊಂಡು ಉಜ್ಜೇ! ಉದ್ದಕ್ಕೆ, ಉದ್ದಕ್ಕೆ!”

“ಗೊತ್ತು, ನಡೀರಿ” ಎಂದು ಅವಳು ತಲೆ ಎತ್ತದೆಯೇ ಹೇಳಿ, ಹಲಗೆಯನ್ನು ಮೆಲ್ಲಗೆ ಎಳೆಯ ಉದ್ದಕ್ಕೆ ತಿರುಗಿಸಿಕೊಂಡಳು.